ಫೋಟೊ ಎಡಿಟಿಂಗ್: ಯಾವ ಮುಖಕ್ಕೆ ಯಾವ ಶೈಲಿ?

ತುಳಸಿ ಲಗ್ನ ಮುಗಿದರೆ ವಿಜಯಪುರ, ತಿಕೋಟಾ, ಬಬಲೇಶ್ವರದ ಸ್ಟುಡಿಯೊಗಳಲ್ಲಿ ರಾತ್ರಿ ಬಹಳ ಹೊತ್ತಿನವರೆಗೂ ಕಂಪ್ಯೂಟರ್ ಆರುವುದಿಲ್ಲ. ಮದುವೆ, ಕುಬಸ, ತೊಟ್ಟಿಲು, ಗೃಹಪ್ರವೇಶ ಒಂದರ ಹಿಂದೊಂದು ಬರುತ್ತವೆ. ಫೋಟೊ ತೆಗೆದಾದ ಮೇಲೆ ಸ್ಟುಡಿಯೊದವರು ಕೇಳುವುದು ಒಂದೇ ಮಾತು: "ಎಡಿಟಿಂಗ್ ಹ್ಯಾಂಗ ಮಾಡ್ಲಿ ರೀ?" ನಾವು ಹೇಳುವುದೂ ಒಂದೇ: "ಚಂದ ಬರೂಹಂಗ ಮಾಡ್ರಿ." ಈ ಉತ್ತರದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಚಂದ ಎಂದರೆ ಒಬ್ಬರಿಗೆ ಬಿಳುಪು, ಇನ್ನೊಬ್ಬರಿಗೆ ಹೊಳಪು, ಮತ್ತೊಬ್ಬರಿಗೆ ಸಿನಿಮಾದ ಬಣ್ಣ. ಸ್ಟುಡಿಯೊದವರು ತಮಗೆ ರೂಢಿಯಾದ ಒಂದು ಪ್ರಿಸೆಟ್ (ಮೊದಲೇ ಸಿದ್ಧಮಾಡಿಟ್ಟ ಬಣ್ಣ–ಬೆಳಕಿನ ಹೊಂದಿಕೆ) ಹಾಕಿ ಮುನ್ನೂರು ಫೋಟೊಗಳನ್ನು ಒಮ್ಮೆಲೇ ಮುಗಿಸುತ್ತಾರೆ. ಅಜ್ಜನಿಗೂ ಮದುಮಗಳಿಗೂ ತೊಟ್ಟಿಲ ಕೂಸಿಗೂ ಅದೇ ಬಣ್ಣ, ಅದೇ ನುಣುಪು.

ಇದಕ್ಕೆ ಸ್ಟುಡಿಯೊದವರನ್ನು ದೂರಿ ಪ್ರಯೋಜನವಿಲ್ಲ. ಏನು ಬೇಕೆಂದು ನಾವೇ ಬಿಡಿಸಿ ಹೇಳಬೇಕು. ಅದಕ್ಕೆ ತಂತ್ರಾಂಶ ಕಲಿಯಬೇಕಿಲ್ಲ. ಕೆಲವು ಸಂಗತಿಗಳು ತಿಳಿದಿದ್ದರೆ ಸಾಕು.

ಎಲ್ಲಕ್ಕೂ ಮೊದಲು ನಿರ್ಧರಿಸಬೇಕಾದದ್ದು ಈ ಫೋಟೊ ಎಲ್ಲಿ ಇರಲಿದೆ ಎಂಬುದನ್ನು. ಪಾಸ್‌ಪೋರ್ಟ್ ಅರ್ಜಿಗೋ ಪರೀಕ್ಷೆಯ ಹಾಲ್ ಟಿಕೆಟ್‌ಗೋ ಹೋಗುವ ಫೋಟೊದಲ್ಲಿ ಶೈಲಿಯ ಮಾತೇ ಇಲ್ಲ. ಮುಖವನ್ನು ಮುಟ್ಟಲೇಬಾರದು, ಹಿನ್ನೆಲೆ ಸ್ವಚ್ಛವಾಗಿ, ಬೆಳಕು ಸಮನಾಗಿದ್ದರೆ ಆಯಿತು. ಗುರುತು ಹೊಂದಿಸುವ ಯಂತ್ರಕ್ಕೆ ತಿದ್ದಿದ ಮುಖ ಬೇರೆ ಮುಖವಾಗಿ ಕಾಣಬಹುದು. ಹೆಣ್ಣು–ಗಂಡು ನೋಡುವ ಬಯೋಡಾಟಾ ಫೋಟೊಕ್ಕೂ ಹೆಚ್ಚುಕಡಿಮೆ ಇದೇ ನಿಯಮ ಒಳ್ಳೆಯದು. ನಾಳೆ ಎದುರಿಗೆ ಕೂತಾಗ ಫೋಟೊಕ್ಕೂ ಮುಖಕ್ಕೂ ತಾಳೆಯಾಗದಿದ್ದರೆ ನೋಯುವವರು ಆ ಮಕ್ಕಳೇ. ಹುಟ್ಟುಹಬ್ಬದ ಬ್ಯಾನರನ್ನು ಬಸ್ ಸ್ಟ್ಯಾಂಡಿನ ಆಚೆಯಿಂದ ನೋಡುವುದರಿಂದ ಗಾಢ ಬಣ್ಣ, ಹೆಚ್ಚು ಕಾಂಟ್ರಾಸ್ಟ್ ಇದ್ದರೂ ನಡೆಯುತ್ತದೆ. ಅದು ನಾಲ್ಕು ದಿನದ ವಸ್ತು. ಗೋಡೆಯ ಫ್ರೇಮು ಮತ್ತು ಮದುವೆ ಆಲ್ಬಮ್ ಹಾಗಲ್ಲ. ಅವನ್ನು ಇನ್ನೂ ಹುಟ್ಟದ ಮೊಮ್ಮಕ್ಕಳು ನೋಡುತ್ತಾರೆ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗ ಅವೆರಡರ ಕುರಿತೇ.

ಈಗ ಎಲ್ಲರೂ ಕೇಳುವ, ಯಾರೂ ಚರ್ಚಿಸದ ವಿಷಯಕ್ಕೆ ಬರೋಣ. "ಸ್ವಲ್ಪ ಬೆಳ್ಳಗ ಮಾಡ್ರಿ." ಇದನ್ನು ಮಾಡುವುದು ಬಹಳ ಸುಲಭ. ನಮ್ಮ ಚರ್ಮದ ಬಣ್ಣ, ಎಷ್ಟೇ ಕಪ್ಪಿರಲಿ ಬೆಳ್ಳಗಿರಲಿ, ಎಡಿಟಿಂಗ್ ತಂತ್ರಾಂಶದ ಲೆಕ್ಕದಲ್ಲಿ ಕಿತ್ತಳೆ ಬಣ್ಣದ ಪಟ್ಟಿಯೊಳಗೆ ಬರುತ್ತದೆ. ಕಿತ್ತಳೆಯ ಲ್ಯೂಮಿನನ್ಸ್ ಎಂಬ ಗುಂಡಿಯನ್ನು ಬಲಕ್ಕೆ ಸರಿಸಿದರೆ ಮುಖ ಬೆಳ್ಳಗಾಗುತ್ತದೆ. ಅದರ ಜೊತೆಗೇ ಕೆನ್ನೆಯ ದುಂಡು, ಮೂಗಿನ ಏರು, ದವಡೆಯ ಗೆರೆ ಮಾಸಿ ಮುಖ ಚಪ್ಪಟೆಯಾಗುತ್ತದೆ. ಕುತ್ತಿಗೆ ಮತ್ತು ಕೈ ನೆರಳಿನಲ್ಲಿದ್ದರೆ ಅವು ಕಪ್ಪಾಗಿಯೇ ಉಳಿದು, ಮುಖ ಬೇರೆ ಮೈ ಬೇರೆ ಎಂಬಂತೆ ಕಾಣುತ್ತದೆ. ಚಿನ್ನದ ಒಡವೆಯ ಬಣ್ಣವೂ ಇದೇ ಪಟ್ಟಿಯ ಅಂಚಿನಲ್ಲಿರುವುದರಿಂದ ಬೋರಮಾಳ ಸರವೂ ಪೇಲವವಾಗುತ್ತದೆ.

ಕಪ್ಪು ಚರ್ಮಕ್ಕೆ ಅನ್ಯಾಯ ಮಾಡುವುದು ಫೋಟೊಗ್ರಫಿಯಲ್ಲಿ ಹೊಸದಲ್ಲ. ಕೊಡ್ಯಾಕ್ ಕಂಪನಿ 1950ರ ದಶಕದಿಂದ ಪ್ರಿಂಟಿಂಗ್ ಲ್ಯಾಬುಗಳಿಗೆ 'ಶರ್ಲಿ ಕಾರ್ಡ್' ಎಂಬ ಮಾದರಿ ಚಿತ್ರವನ್ನು ಕಳಿಸುತ್ತಿತ್ತು. ಅದರಲ್ಲಿದ್ದವಳು ಬಿಳಿಯ ಹೆಂಗಸು. ಅವಳ ಮೈಬಣ್ಣ ಸರಿಯಾಗಿ ಬಂದರೆ ಯಂತ್ರ ಸರಿಯಿದೆ ಎಂದು ಅರ್ಥ. ಬೇರೆ ಬೇರೆ ಮೈಬಣ್ಣದವರು ಒಟ್ಟಿಗೆ ಇರುವ ಕಾರ್ಡ್ ಬಂದದ್ದು 1990ರ ದಶಕದಲ್ಲಿ. 2021ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನಿಗೆ, ಕಪ್ಪು ಮೈಬಣ್ಣವನ್ನೂ ಇದ್ದಂತೆಯೇ ತೋರಿಸಲೆಂದು 'ರಿಯಲ್ ಟೋನ್' ತಂದಿತು. 2022ರಲ್ಲಿ ಸಮಾಜಶಾಸ್ತ್ರಜ್ಞ ಎಲಿಸ್ ಮಂಕ್ ಅವರು ರೂಪಿಸಿದ ಹತ್ತು ಮೈಬಣ್ಣಗಳ ಅಳತೆಪಟ್ಟಿಯನ್ನು ಎಲ್ಲರ ಬಳಕೆಗೆ ಬಿಟ್ಟಿತು. ಯಂತ್ರ ಮಾಡುವವರೇ ಇಷ್ಟು ತಿದ್ದಿಕೊಂಡಿರುವಾಗ ನಮ್ಮ ಮಕ್ಕಳ ಮೈಬಣ್ಣವನ್ನು ನಾವೇ ಅಳಿಸಿ ಹಾಕುವುದು ನನಗೆ ಬಹಳ ಸಂಕಟ ತರುತ್ತದೆ. ಎರೆಹೊಲದ ಬಿಸಿಲಲ್ಲಿ ದುಡಿದ ಅಪ್ಪನ ಬಣ್ಣವೂ, ಅವನನ್ನೇ ಹೋಲುವ ಮಗಳ ಬಣ್ಣವೂ ಒಂದೇ ಎಂಬುದು ಆಲ್ಬಮ್ಮಿನಲ್ಲಿ ಕಾಣಲೇಬೇಕಾದ ಸತ್ಯ.

ಹಾಗಾದರೆ ಸ್ಟುಡಿಯೊದಲ್ಲಿ ಏನು ಕೇಳಬೇಕು? "ಬೆಳ್ಳಗ ಮಾಡಬ್ಯಾಡ್ರಿ, ಬೆಳಕು ಕೊಡ್ರಿ" ಎನ್ನಿ. ಇವೆರಡೂ ಬೇರೆ ಬೇರೆ ಕೆಲಸ. ಕಣ್ಣಿನ ಕೆಳಗಿನ ನೆರಳನ್ನು ಸ್ವಲ್ಪ ಎತ್ತುವುದು, ಮುಖದ ಒಂದು ಬದಿಗೆ ಮಾತ್ರ ಮೆಲ್ಲನೆ ಬೆಳಕು ಹೆಚ್ಚಿಸುವುದು, ಹಿನ್ನೆಲೆಯನ್ನು ಅರ್ಧ ಹಂತ ಕತ್ತಲು ಮಾಡುವುದು: ಇಷ್ಟಕ್ಕೇ ಮುಖ ಎದ್ದು ಬರುತ್ತದೆ, ಬಣ್ಣ ಬದಲಾಗುವುದಿಲ್ಲ. ಡಾಡ್ಜ್ ಆಂಡ್ ಬರ್ನ್ ಎಂದು ಕರೆಯುವ ಈ ಕೆಲಸವನ್ನು ಕತ್ತಲೆ ಕೋಣೆಯ ಕಾಲದಲ್ಲಿ ಎನ್‌ಲಾರ್ಜರಿನ ಬೆಳಕಿಗೆ ಕೈ ಅಡ್ಡ ಹಿಡಿದು ಮಾಡುತ್ತಿದ್ದರು. ಹಳೆಯ ಸ್ಟುಡಿಯೊದವರಿಗೆ ಹೇಳಿದರೆ ಕೂಡಲೇ ಅರ್ಥವಾಗುತ್ತದೆ.

ಮುಖವನ್ನು ನುಣುಪು ಮಾಡುವುದಕ್ಕೂ ಒಂದು ಮಿತಿ ಬೇಕು. ರಿಟಚಿಂಗ್ ಮಾಡುವವರಲ್ಲಿ ಒಂದು ಹಳೆಯ ಸೂತ್ರವಿದೆ: ಹದಿನೈದು ದಿನದ ಮೇಲೆ ಮುಖದಲ್ಲಿ ಇರದೇ ಹೋಗುವುದನ್ನು ತೆಗೆಯಬಹುದು, ಇರುವುದನ್ನು ಬಿಡಬೇಕು. ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಕ್ಷೌರದ ಗಾಯ, ನಿದ್ದೆಗೆಟ್ಟ ಕಣ್ಣಿನ ಕೆಂಪು, ಇವು ಹೋಗಲಿ. ಮಚ್ಚೆ, ಬಾಲ್ಯದಲ್ಲಿ ಬಿದ್ದ ಗಾಯದ ಕಲೆ, ನಗುವಾಗ ಮೂಡುವ ಗೆರೆ ಇರಲಿ. ನಮ್ಮ ಭಾಗಕ್ಕೆ ಈ ಸೂತ್ರದ ಜೊತೆ ಇನ್ನೊಂದಿಷ್ಟು ಸೇರಿಸಬೇಕು. ಮುಖವನ್ನು ತಾನಾಗಿ ನುಣುಪು ಮಾಡುವ ತಂತ್ರಾಂಶಕ್ಕೆ ಹಣೆಯ ವಿಭೂತಿ ಏನೆಂದು ತಿಳಿಯದು. ಮೂರು ಪಟ್ಟಿಗಳನ್ನು ಕಲಸಿ ಬೂದು ಮಸುಕು ಮಾಡುತ್ತದೆ. ಅಜ್ಜಿಯ ಗದ್ದದ ಮೇಲಿನ ಹಚ್ಚೆಬೊಟ್ಟನ್ನು ಕಲೆ ಎಂದು ತಿಳಿದು ಅಳಿಸುತ್ತದೆ. ಮೂಗುತಿಯ ಹರಳಿನ ಮಿಂಚನ್ನು ಬೆವರಿನ ಹೊಳಪೆಂದು ಮಂಕು ಮಾಡುತ್ತದೆ. ಆಲ್ಬಮ್ ಪ್ರಿಂಟಿಗೆ ಹೋಗುವ ಮೊದಲು ಈ ಮೂರನ್ನು ದೊಡ್ಡದು ಮಾಡಿ ನೋಡಿ.

ಮುಖದ ಆಕಾರ ಸಣ್ಣದು ಮಾಡುವುದು, ಸೊಂಟ ಒಳಗೆ ತಳ್ಳುವುದು ಬೇಡವೇ ಬೇಡ. ನಾರ್ವೆ ದೇಶದಲ್ಲಿ 2022ರ ಜುಲೈನಿಂದ, ಜಾಹೀರಾತಿನಲ್ಲಿ ಹೀಗೆ ದೇಹ ತಿದ್ದಿದ ಚಿತ್ರಕ್ಕೆ ಗುರುತು ಹಾಕಬೇಕೆಂಬ ಕಾನೂನೇ ಇದೆ. ಅಂದಹಾಗೆ, ಫೋಟೊದಲ್ಲಿ ಮೂಗು ದಪ್ಪ ಕಂಡರೆ ಅದಕ್ಕೆ ಬಹಳ ಸಲ ಕಾರಣ ಫೋನನ್ನು ಮುಖಕ್ಕೆ ತೀರ ಹತ್ತಿರ ಹಿಡಿದದ್ದು. ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಅಥವಾ 3ಎಕ್ಸ್ ಒತ್ತಿ ತೆಗೆದರೆ ಎಡಿಟಿಂಗ್ ಬೇಕಾಗುವುದಿಲ್ಲ.

ಇನ್ನು ಬಣ್ಣದ ವಿಷಯ. ಇದು ಫೋಟೊ ತೆಗೆದ ಜಾಗಕ್ಕೆ ಅಂಟಿಕೊಂಡಿರುತ್ತದೆ. ತಿಕೋಟಾ, ಬಬಲೇಶ್ವರದ ಕಡೆ ಈಗ ದ್ರಾಕ್ಷಿ ತೋಟದಲ್ಲಿ ಪ್ರಿ-ವೆಡ್ಡಿಂಗ್ ತೆಗೆಸುವವರು ಹೆಚ್ಚು. ದ್ರಾಕ್ಷಿ ಚಪ್ಪರದ ಕೆಳಗೆ ಬೀಳುವ ಬೆಳಕು ಎಲೆಯಿಂದ ಸೋಸಿ ಬಂದದ್ದು. ಅದು ಮುಖಕ್ಕೆ ಹಸಿರು ಛಾಯೆ ಬಳಿಯುತ್ತದೆ, ಕಣ್ಣ ಕೆಳಗೆ ಮತ್ತು ಗದ್ದದ ಅಡಿಯಲ್ಲಿ ಹೆಚ್ಚು. ಒಣದ್ರಾಕ್ಷಿ ಶೆಡ್ಡಿನ ಹಸಿರು ನೆರಳುಬಲೆಯ ಕೆಳಗೂ ಹೀಗೇ. ಇಲ್ಲಿ ಪ್ರಿಸೆಟ್ ಹಾಕುವ ಮೊದಲು ಟಿಂಟ್ ಅನ್ನು ಮಜೆಂಟಾ ಕಡೆ ಸರಿಸಬೇಕು, ಅದೂ ಮುಖಕ್ಕೆ ಮಾತ್ರ. ಇಡೀ ಫೋಟೊಕ್ಕೆ ಸರಿಸಿದರೆ ತೋಟದ ಹಸಿರೇ ಸತ್ತುಹೋಗುತ್ತದೆ. ಮದುವೆಯ ಶಾಮಿಯಾನಾ ಕೆಂಪೋ ಗುಲಾಬಿಯೋ ಇದ್ದರೆ ಇದಕ್ಕೆ ವಿರುದ್ಧ ತೊಂದರೆ. ಎಲ್ಲರ ಮುಖವೂ ಜ್ವರ ಬಂದಂತೆ ಕೆಂಪಾಗಿರುತ್ತದೆ.

ಅರಿಶಿಣ ಹಚ್ಚುವ ಶಾಸ್ತ್ರದ ಫೋಟೊಗಳನ್ನು ಬೇರೆ ಇಟ್ಟು ಎಡಿಟ್ ಮಾಡಲು ಹೇಳಲೇಬೇಕು. ಮೈತುಂಬ ಹಳದಿ ಇದ್ದಾಗ ಆಟೊ ವೈಟ್ ಬ್ಯಾಲೆನ್ಸ್ ಅದನ್ನು ದೋಷವೆಂದು ತಿಳಿದು ನೀಲಿ ಬೆರೆಸುತ್ತದೆ. ಅರಿಶಿಣ ಬೂದಾಗಿ, ಬಿಳಿ ಪಂಚೆ ನೀಲಿಯಾಗಿ, ಆ ದಿನದ ಸಂಭ್ರಮವೇ ಕಳೆದುಹೋಗುತ್ತದೆ. ಬಿಳಿ ಬಟ್ಟೆಯನ್ನೋ ಸುಣ್ಣದ ಗೋಡೆಯನ್ನೋ ನೋಡಿ ವೈಟ್ ಬ್ಯಾಲೆನ್ಸ್ ಕೂರಿಸಿದರೆ ಹಳದಿ ತಾನಾಗಿ ಮರಳುತ್ತದೆ.

ಬಿಳಿ ಬಟ್ಟೆಯ ಮಾತು ಬಂದದ್ದರಿಂದ ಹಿರಿಯರ ಫೋಟೊದ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬಿಸಿಲಿನಲ್ಲಿ ನಿಂತ, ಬಿಳಿ ಧೋತರ, ಬಿಳಿ ಅಂಗಿ, ಗಾಂಧಿ ಟೊಪ್ಪಿಗೆಯ ರೈತನ ಭಾವಚಿತ್ರ ಎಡಿಟ್ ಮಾಡುವವರಿಗೆ ನಿಜವಾದ ಪರೀಕ್ಷೆ. ಎರೆಮಣ್ಣು ಬೆಳಕನ್ನು ಹೀರಿಕೊಳ್ಳುವುದರಿಂದ ನೆಲದಿಂದ ಮುಖಕ್ಕೆ ಬೆಳಕು ಮರಳುವುದಿಲ್ಲ. ಮೇಲಿನಿಂದ ಉರಿಬಿಸಿಲು, ಕಣ್ಣುಗಳು ಕತ್ತಲೆಯ ಗುಳಿ. ಮುಖ ಕಾಣಲೆಂದು ಇಡೀ ಫೋಟೊದ ಬೆಳಕು ಏರಿಸಿದರೆ ಟೊಪ್ಪಿಗೆಯ ಅಂಚು, ಅಂಗಿಯ ಮಡಿಕೆ ಎಲ್ಲ ಅಳಿಸಿ ಬಿಳಿ ಕಾಗದವಾಗುತ್ತದೆ. ಶ್ಯಾಡೋ ಮಾತ್ರ ಏರಿಸಿ, ಹೈಲೈಟ್ ಇಳಿಸಬೇಕು. ಕ್ಯಾಮೆರಾದ ಮೂಲ ಮಾಹಿತಿಯೆಲ್ಲ ಇರುವ ರಾ ಫೈಲ್ ಇದ್ದರೆ ಇದು ಚೆನ್ನಾಗಿ ಬರುತ್ತದೆ. ಜೆಪೆಗ್‌ನಲ್ಲಿ ಬಿಳಿಯ ವಿವರ ಒಮ್ಮೆ ಹೋದರೆ ಮರಳುವುದಿಲ್ಲ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ನಮ್ಮನ್ನು ಅಗಲಿದ ಸಿದ್ಧೇಶ್ವರ ಸ್ವಾಮೀಜಿಯವರ ಚಿತ್ರ ಈ ಭಾಗದ ಎಷ್ಟೋ ಮನೆಗಳಲ್ಲಿದೆ. ಬಿಳಿ ಬಟ್ಟೆಯ ಮಡಿಕೆ, ಮುಖದ ಗೆರೆ, ಶಾಂತವಾದ ಕಣ್ಣು ಇರುವ ಸರಳ ಪ್ರಿಂಟನ್ನು, ಮುಖ ನುಣುಪು ಮಾಡಿ ತಲೆಯ ಹಿಂದೆ ಬೆಳಕಿನ ಚಕ್ರ ಕೂರಿಸಿದ ಪ್ರಿಂಟಿನ ಪಕ್ಕ ಇಟ್ಟು ನೋಡಿ. ಸರಳವಾಗಿ ಬದುಕಿದವರಿಗೆ ಯಾವುದು ಒಪ್ಪುತ್ತದೆ ಎಂದು ಯಾರೂ ವಿವರಿಸಬೇಕಾಗುವುದಿಲ್ಲ.

ಇಷ್ಟು ಸರಿಪಡಿಸಿದ ಮೇಲೆ ಶೈಲಿ. ಇದು ಕೊನೆಯ ಪದರ, ಮೊದಲನೆಯದಲ್ಲ.

ಹೆಚ್ಚಿನವರಿಗೆ ನಾನು ಹೇಳುವುದು ಸಹಜ ಶೈಲಿಯನ್ನೇ: ಕಣ್ಣಿಗೆ ಕಂಡ ಬಣ್ಣ, ಹದವಾದ ಕಾಂಟ್ರಾಸ್ಟ್, ಚರ್ಮದ ರಂಧ್ರ ಕಾಣುವಷ್ಟು ವಿವರ. ಇದು ಹಳೆಯದಾಗುವುದಿಲ್ಲ. ಇಳಕಲ್ ಸೀರೆಯ ಟೋಪ್ ತೆನೆ ಸೆರಗಿನ ಕೆಂಪು, ಗುಳೇದಗುಡ್ಡ ಖಣದ ನೇಯ್ಗೆ, ಕಸೂತಿಯ ಎಳೆ, ಇವೆಲ್ಲ ಈ ಶೈಲಿಯಲ್ಲಿ ಮಾತ್ರ ಪೂರ್ತಿ ಉಳಿಯುತ್ತವೆ. ಈಗ ಚಾಲ್ತಿಯಲ್ಲಿರುವ 'ಮೂಡಿ' ಪ್ರಿಸೆಟ್‌ಗಳು ಹಸಿರನ್ನು ಕಂದು ಮಾಡುತ್ತವೆ; ಮದುಮಗಳ ಕೈತುಂಬ ಇರುವ ಹಸಿರು ಬಳೆ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಸಿನಿಮಾದ ನೀಲಿ–ಕಿತ್ತಳೆ ಶೈಲಿ ರಾತ್ರಿಯ ಆರತಕ್ಷತೆಯ ದೀಪಗಳಲ್ಲಿ ಚೆನ್ನ. ಹಗಲಿನ ಅಕ್ಷತೆಗೆ ಒಗ್ಗುವುದಿಲ್ಲ. ತಿಳಿಬಣ್ಣದ, ಬೆಳಕು ತುಂಬಿದ ಹೈ-ಕೀ ಶೈಲಿಯನ್ನು ಕೂಸಿನ ಫೋಟೊಕ್ಕೆ ಬಳಸಿ, ಗಾಢ ರೇಷ್ಮೆಗೆ ಬೇಡ. ಒಂದೇ ಕಡೆಯಿಂದ ಬೆಳಕು, ಉಳಿದೆಲ್ಲ ಕತ್ತಲು ಇರುವ ಲೋ-ಕೀ ಶೈಲಿ ಹಿರಿಯರ ಮುಖಕ್ಕೆ, ಹಳೆಯ ಮನೆಯ ಪಡಸಾಲೆಯ ಬಾಗಿಲ ಬೆಳಕಿಗೆ ಹೇಳಿ ಮಾಡಿಸಿದ್ದು.

ಕಪ್ಪುಬಿಳುಪಿನ ಬಗ್ಗೆ ನನಗೆ ಹೆಚ್ಚು ಪ್ರೀತಿ. ಮೈಸೂರಿನ ಟಿ.ಎಸ್. ಸತ್ಯನ್ ಅವರು ತೆಗೆದ ಜನಸಾಮಾನ್ಯರ ಚಿತ್ರಗಳನ್ನೋ, ಎ.ಎನ್. ಮುಕುಂದ ಅವರು ತೆಗೆದ ಕನ್ನಡ ಸಾಹಿತಿಗಳ ಭಾವಚಿತ್ರಗಳನ್ನೋ ನೋಡಿದರೆ ಬಣ್ಣ ಇಲ್ಲದಿದ್ದರೂ ಮುಖ ಎಷ್ಟು ಮಾತಾಡುತ್ತದೆ ಎಂದು ತಿಳಿಯುತ್ತದೆ. ಆದರೆ ಬಣ್ಣವನ್ನು ಬರೀ ತೆಗೆದುಹಾಕಿದರೆ ಕಪ್ಪುಬಿಳುಪು ಆಗುವುದಿಲ್ಲ, ಬೂದು ಆಗುತ್ತದೆ. ಪ್ರತಿಯೊಂದು ಬಣ್ಣ ಎಷ್ಟು ಕಪ್ಪು, ಎಷ್ಟು ಬಿಳುಪು ಆಗಬೇಕೆಂದು ಬೇರೆ ಬೇರೆ ತೂಗಬೇಕು. ಕೆಂಪನ್ನು ತಿಳಿ ಮಾಡಿದರೆ ಚರ್ಮ ನುಣುಪಾಗಿ ಮೊಡವೆ ಮರೆಯಾಗುತ್ತದೆ. ಜೊತೆಗೇ ಹಣೆಯ ಕುಂಕುಮವೂ ಮಾಯವಾಗುತ್ತದೆ. ಹಸಿರು ಚಾನೆಲ್‌ಗೆ ಒತ್ತು ಕೊಟ್ಟರೆ ಗೆರೆಗಳು ಉಳಿದು, ಕುಂಕುಮ ಗಾಢವಾಗಿ ಎದ್ದು ಕಾಣುತ್ತದೆ. ಮುತ್ತೈದೆಯ ಫೋಟೊ ಕಪ್ಪುಬಿಳುಪು ಮಾಡಿಸುವಾಗ "ಕುಂಕುಮ ಕಾಣಬೇಕು" ಎಂದು ಒಂದು ಮಾತು ಹೇಳಿ. ಉಳಿದದ್ದು ತಾನಾಗಿ ಸರಿಹೋಗುತ್ತದೆ.

ಗೋಳಗುಮ್ಮಟದ ಮುಂದೆಯೋ ಇಬ್ರಾಹಿಂ ರೋಜಾದ ಮುಂದೆಯೋ ತೆಗೆಸಿದ ಫೋಟೊಗಳಲ್ಲಿ ಆಕಾಶ ಬದಲಿಸುವುದು ಈಗ ಸಾಮಾನ್ಯ. 1656ರ ಹೊತ್ತಿಗೆ ಎದ್ದು ನಿಂತ ಗುಮ್ಮಟದ ಕಲ್ಲಿಗೆ ತನ್ನದೇ ಬೂದುಗಂದು ಇದೆ. ಮಧ್ಯಾಹ್ನದ ನೆರಳು ಕಾಲಡಿ ಬಿದ್ದಿರುವಾಗ ಹಿಂದೆ ಸಂಜೆಯ ಕೆಂಪು ಮುಗಿಲು ಅಂಟಿಸಿದರೆ ಕಣ್ಣು ನಂಬುವುದಿಲ್ಲ. ಬೆಳಿಗ್ಗೆ ಬೇಗ ಹೋಗಿ ತೆಗೆಸುವುದೇ ಇದಕ್ಕೆ ಮದ್ದು. ಬಿಜಾಪುರದ ಆದಿಲ್‌ಶಾಹಿ ಚಿತ್ರಕಾರರು ಸುಲ್ತಾನ ಎರಡನೇ ಇಬ್ರಾಹಿಂನ ಭಾವಚಿತ್ರಗಳನ್ನು ಬರೆದಾಗ ಹಿಂದಿನ ಗಿಡಮರಗಳನ್ನು ಮನಸ್ಸಿಗೆ ಬಂದಂತೆ ಬರೆದರು. ಆದರೆ ಅವನ ಗಡ್ಡವನ್ನು, ಕೊರಳ ರುದ್ರಾಕ್ಷಿಯನ್ನು ಬಿಡಲಿಲ್ಲ. ಹಿನ್ನೆಲೆಯಲ್ಲಿ ಎಷ್ಟೇ ಸ್ವಾತಂತ್ರ್ಯ ತೆಗೆದುಕೊಂಡರೂ ಮನುಷ್ಯನ ಗುರುತನ್ನು ಕೈಬಿಡದ ಆ ಶಿಸ್ತು ಇಂದಿಗೂ ಬೇಕು.

ಕೊನೆಯದಾಗಿ, ತೀರಿಹೋದವರ ಫೋಟೊ. ಪ್ರತಿ ಸ್ಟುಡಿಯೊಕ್ಕೂ ತಿಂಗಳಿಗೆ ಕೆಲವಾದರೂ ಇಂಥವು ಬರುತ್ತವೆ. ಅವ್ವನದೊಂದು ಒಳ್ಳೆಯ ಫೋಟೊ ಇರುವುದಿಲ್ಲ. ಯಾರದೋ ಮದುವೆಯ ಗುಂಪಿನ ಚಿತ್ರದಲ್ಲಿ ಹಿಂದಿನ ಸಾಲಲ್ಲಿ ನಿಂತಿರುತ್ತಾಳೆ, ಅರ್ಧ ಮುಖ ಸೆರಗಿನ ಮರೆಯಲ್ಲಿ. ಅದನ್ನೇ ದೊಡ್ಡದು ಮಾಡಿ ಫ್ರೇಮು ಹಾಕಿಸಬೇಕು. ಈಗ ಎಐ ತಂತ್ರಾಂಶ ಇದನ್ನು ಒಂದು ನಿಮಿಷದಲ್ಲಿ ಫಳಫಳ ಮಾಡಿಕೊಡುತ್ತದೆ. ಅಪಾಯವೂ ಅಲ್ಲೇ ಇದೆ. ಮಸುಕಾದ ಮುಖದಲ್ಲಿ ಇಲ್ಲದ ವಿವರವನ್ನು ಅದು ಬೇರೆ ಲಕ್ಷಾಂತರ ಮುಖಗಳಿಂದ ಊಹಿಸಿ ತುಂಬುತ್ತದೆ. ಕಣ್ಣಿನ ಆಕಾರ, ಹಲ್ಲು, ತುಟಿಯ ಅಂಚು ಬೇರೆ ಯಾರದೋ ಆಗಿಬಿಡುತ್ತದೆ. ಮನೆಗೆ ತಂದು ತೂಗುಹಾಕಿದ ಮೇಲೆ ಮಕ್ಕಳು ಹೇಳುತ್ತಾರೆ: "ನಮ್ಮವ್ವ ಹಿಂಗ ಇದ್ದಿದ್ದಿಲ್ಲರಿ."

ಇದನ್ನು ತಪ್ಪಿಸಲು ಮೂಲ ಫೋಟೊವನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿ ಕೊಡಬೇಡಿ. ಗಾಜಿನಿಂದ ಹೊರತೆಗೆದು 600 ಡಿಪಿಐನಲ್ಲಿ, ತೀರ ಸಣ್ಣ ಫೋಟೊ ಆದರೆ 1200ರಲ್ಲಿ ಸ್ಕ್ಯಾನ್ ಮಾಡಿಸಿ. ಗೀರು, ಕಲೆ, ಫಂಗಸ್ ಚುಕ್ಕೆಯನ್ನು ಕೈಯಿಂದಲೇ ತಿದ್ದಿಸಿ. ಎಐ ಬಳಸಿದರೂ ಅದರ ಮುಖವನ್ನು ಮೂಲದ ಮುಖದ ಮೇಲೆ ಅರ್ಧಕ್ಕಿಂತ ಕಡಿಮೆ ಗಾಢತೆಯಲ್ಲಿ ಮಾತ್ರ ಬೆರೆಸಲು ಹೇಳಿ. ಪ್ರಿಂಟಿಗೆ ಮೊದಲು ಅವರ ಅಕ್ಕತಂಗಿಯರಿಗೋ ಹಿರಿಯ ಮಗನಿಗೋ ತೋರಿಸಿ, ಕಣ್ಣು ಸರಿಯಿದೆಯೇ ಎಂದು ಕೇಳಿ. ಸ್ವಲ್ಪ ಮಸುಕಾದರೂ ಅವರದೇ ಆದ ಮುಖವನ್ನು ಗೋಡೆಗೆ ಹಾಕುವುದು ಮೇಲು.

ಹಳೆಯ ಕಪ್ಪುಬಿಳುಪು ಫೋಟೊಕ್ಕೆ ಬಣ್ಣ ಹಾಕಿಸುವವರಿಗೆ ಒಂದು ಸೂಚನೆ. ಬಹಳ ಹಿಂದಿನ ಆರ್ಥೊಕ್ರೊಮ್ಯಾಟಿಕ್ ಫಿಲ್ಮು ಮತ್ತು ಗಾಜಿನ ಪ್ಲೇಟುಗಳಿಗೆ ಕೆಂಪು ಬೆಳಕು ತಾಕುತ್ತಿರಲಿಲ್ಲ. ಆದ್ದರಿಂದ ಅವುಗಳಲ್ಲಿ ಕುಂಕುಮ, ಕೆಂಪು ಸೀರೆ ಎಲ್ಲ ಕಪ್ಪಾಗಿಯೇ ಬಂದಿವೆ. ಮೈಬಣ್ಣವೂ ಇದ್ದದ್ದಕ್ಕಿಂತ ಕಪ್ಪಾಗಿ ಕಾಣುತ್ತದೆ. ತಂತ್ರಾಂಶ ಆ ಕಪ್ಪನ್ನು ನಂಬಿ ಮುತ್ತಜ್ಜಿಯ ಮದುವೆ ಸೀರೆಗೆ ಕಡುನೀಲಿಯೋ ಕಪ್ಪೋ ಬಳಿಯಬಹುದು. ಸೀರೆ ಯಾವ ಬಣ್ಣದ್ದಿತ್ತು, ದಡಿ ಯಾವುದಿತ್ತು ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಿ, ಬರೆದುಕೊಂಡು ಹೋಗಿ ಸ್ಟುಡಿಯೊದವರಿಗೆ ಕೊಡಿ. ಹೇಳುವವರು ಯಾರೂ ಉಳಿದಿಲ್ಲವಾದರೆ ಬಣ್ಣ ಹಾಕಿಸದೇ ಇರುವುದೇ ಸರಿ.

ಆರ್ಡರ್ ಕೊಡುವ ದಿನ ಇಷ್ಟು ಮಾಡಿ. ಎಲ್ಲ ಫೋಟೊ ಎಡಿಟ್ ಆಗುವ ಮೊದಲು ಮೂರು ಮಾದರಿ ಕೇಳಿ: ಮದುಮಕ್ಕಳದೊಂದು, ಹಿರಿಯರದೊಂದು, ಹತ್ತಿಪ್ಪತ್ತು ಜನರ ಗುಂಪಿನದೊಂದು. ಮೂರರಲ್ಲೂ ಮೈಬಣ್ಣ ಸರಿಯಿದ್ದರೆ ಆ ಶೈಲಿ ಇಡೀ ಆಲ್ಬಮ್ಮಿಗೆ ಒಗ್ಗುತ್ತದೆ. ಮಾದರಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋನಿನ ಬ್ರೈಟ್‌ನೆಸ್ ಅರ್ಧಕ್ಕಿಟ್ಟು ನೋಡಿ, ಏಕೆಂದರೆ ಪರದೆಯಲ್ಲಿ ಕಂಡದ್ದಕ್ಕಿಂತ ಪ್ರಿಂಟ್ ಸಾಮಾನ್ಯವಾಗಿ ಒಂದಿಷ್ಟು ಕಪ್ಪಾಗಿ ಬರುತ್ತದೆ. ಗೋಡೆಯ ಫ್ರೇಮಿಗೆ 12 ಇಂಚು ಅಗಲ 18 ಇಂಚು ಎತ್ತರದ ಪ್ರಿಂಟ್ ಬೇಕಾದರೆ ಫೈಲ್ 3600 x 5400 ಪಿಕ್ಸೆಲ್ ಇರುವುದು ಉತ್ತಮ. ಕಿಟಕಿಯ ಬೆಳಕು ನೇರ ಬೀಳುವ ಗೋಡೆಯಾದರೆ ಗ್ಲಾಸಿ ಬೇಡ, ಮ್ಯಾಟ್ ಪೇಪರ್ ಹಾಕಿಸಿ. ಮತ್ತು ಹಣ ಪೂರ್ತಿ ಕೊಡುವ ಮೊದಲು, ಎಡಿಟ್ ಮಾಡದ ಮೂಲ ಫೈಲುಗಳನ್ನೂ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ. ಇಂದಿನ ಶೈಲಿ ಹತ್ತು ವರ್ಷದ ಮೇಲೆ ಬೇಡವೆನಿಸಿದರೆ ಮತ್ತೆ ಮೊದಲಿನಿಂದ ತಿದ್ದಿಸಲು ಅವೇ ಬೇಕು.